ಎಡಗಡೆಯ ಕೆಮ್ಮು

ಮನೆಗೆ ಬಂದವರ ಮುಖ ನೋಡುವ ಮೊದಲು ಅವರ ಕಾರಿನ ಮುಖ ನೋಡುವುದು ನನ್ನ ಸೋದರಮಾವನ ಅಭ್ಯಾಸವಾಗಿತ್ತು. ಬಂದವರು ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದರೆ ಇವರು ಅವರ ಪಕ್ಕದಿಂದ ಹಾದು ಗೇಟಿನಾಚೆ ನಡೆದು, ಬಂಪರಿನ ಎದುರು ಕುಕ್ಕರುಗಾಲಲ್ಲಿ ಕೂತು, ಅಲ್ಲಿದ್ದ ಗೀರಿನ ಮೇಲೆ ತೋರುಬೆರಳನ್ನು ಎಳೆಮಗುವಿನ ಕೆನ್ನೆ ಸವರುವಷ್ಟು ಮೆಲ್ಲಗೆ ಎಳೆದು, "ರಿವರ್ಸ್ ತಗೊಳ್ಳೋವಾಗ ಫೋನಲ್ಲಿ ಮಾತಾಡ್ತಿದ್ರಿ, ಅಲ್ವಾ?" ಎನ್ನುತ್ತಿದ್ದರು. ಬಂದವರು ಇಂಗು ತಿಂದ ಮಂಗನಂತಾಗುತ್ತಿದ್ದರು. ಕಾಫಿ, ಕುಶಲಪ್ರಶ್ನೆ ಎಲ್ಲ ಆಮೇಲೆ.

ಅಪಘಾತಕ್ಕೀಡಾದ ವಾಹನಗಳನ್ನು ಇನ್ಶೂರೆನ್ಸ್ ಕಂಪನಿಯ ಪರವಾಗಿ ಪರೀಕ್ಷಿಸಿ, ತಪ್ಪು ಯಾರದೆಂದು ನಿರ್ಣಯಿಸುವ ಸರ್ವೇಯರ್ ವೃತ್ತಿಯಲ್ಲಿ ಅವರು ತಲೆ ನರೆಸಿಕೊಂಡವರು. "ಜನ ಸುಳ್ಳು ಹೇಳ್ತಾರೆ, ತಗಡು ಹೇಳಲ್ಲ" ಎಂಬುದು ಅವರ ವೇದವಾಕ್ಯ. ಅದರಿಂದಲೇ ಬೀದಿಯ ಜನ ಅವರಿಗೆ ತಗಡು ಸಾಹೇಬರೆಂದು ಹೆಸರಿಟ್ಟಿದ್ದರು. ಅದರಲ್ಲಿದ್ದ ಕುಚೋದ್ಯ ಗೊತ್ತಿದ್ದೂ ಅವರು ಅದನ್ನು ಬಿರುದಿನಂತೆ ಧರಿಸಿಕೊಂಡಿದ್ದರು. ನಿವೃತ್ತರಾದ ಮೇಲೂ ಮೊಣಕೈ ಸವೆದ ಬೂದುಬಣ್ಣದ ಕೋಟು ಮೈಮೇಲಿಂದ ಇಳಿಯಲಿಲ್ಲ. ಅದರ ಜೇಬಿನಿಂದ ಬ್ಯಾಟರಿ ಅಳೆಯುವ ಮೀಟರಿನ ಕೆಂಪು, ಕಪ್ಪು ತಂತಿಗಳು ಸದಾ ಇಣುಕುತ್ತಿದ್ದವು. ನಡಿಗೆಯಂತೂ ವಿಚಿತ್ರ. ಗ್ಯಾರೇಜುಗಳ ಅಂಗಳದಲ್ಲಿ ಒತ್ತೊತ್ತಾಗಿ ನಿಂತ ಜಖಂಗೊಂಡ ಗಾಡಿಗಳ ನಡುವೆ ನುಸುಳಿ ನುಸುಳಿ, ಬಟ್ಟಬಯಲಲ್ಲೂ ಬಲಭುಜ ಮುಂದೆ ಮಾಡಿಕೊಂಡು, ಕತ್ತನ್ನು ಎಡಕ್ಕೆ ತಿರುಗಿಸಿ ಓರೆಯಾಗಿ ನಡೆಯುವುದು ಮೈಗೂಡಿಹೋಗಿತ್ತು. ಈ ನಡಿಗೆಯೇ ಕೊನೆಗೆ ಅವರಿಗೆ ಶತ್ರುವಾಯಿತು. ಎಡಬದಿಯ ನೋಟ ಒಳಗೊಳಗೇ ಆರತೊಡಗಿದಾಗ, ಈ ಮನುಷ್ಯ ಯಾಕೆ ಹೀಗೆ ಕತ್ತು ತಿರುಗಿಸುತ್ತಾನೆಂಬ ಅನುಮಾನ ನಮಗೆ ಬರಲಿಲ್ಲ. ಸಾಹೇಬರು ಎಂದಿನಂತೆಯೇ ನಡೆಯುತ್ತಿದ್ದಾರೆ ಎಂದುಕೊಂಡೆವು.

ಕಾರಿನ ವಿಷಯಕ್ಕೆ ಬೀದಿಗೆಲ್ಲ ಅವರೇ ವೈದ್ಯರು, ಅವರೇ ನ್ಯಾಯಾಧೀಶರು. "ಸಾರ್, ಬೆಳಿಗ್ಗೆ ಹೊತ್ತು ಸೆಲ್ಫ್ ತಗೊಳ್ತಿಲ್ಲ" ಎಂದು ಎದುರುಮನೆಯ ಕಂಟ್ರಾಕ್ಟರು ಬಂದರೆ, "ಬ್ಯಾಟರಿ ಹಾಕ್ಸಿ ಎಷ್ಟು ವರ್ಷ ಆಯ್ತು?" ಎಂಬ ಪ್ರಶ್ನೆ. ಅವರು ತಲೆ ಕೆರೆದುಕೊಂಡರೆ, "ಮದುವೆ ದಿನ ಮರೆತ್ರೂ ಹೆಂಡ್ತಿ ಕ್ಷಮಿಸ್ತಾಳೆ, ಬ್ಯಾಟರಿ ಕ್ಷಮಿಸಲ್ಲ ಸ್ವಾಮಿ" ಎಂದು ಗದರಿ, ಅಡುಗೆ ಸೋಡಾ ಕದಡಿದ ಬಿಸಿನೀರು ತಂದು, ಟರ್ಮಿನಲ್ಲಿಗೆ ಹತ್ತಿದ ಹಸಿರು ಬೂಷ್ಟನ್ನು ತಾವೇ ತಿಕ್ಕಿ ಕೊಡುತ್ತಿದ್ದರು. ಹೆಡ್‌ಲೈಟು ಮಂಕಾಯಿತೆಂದರೆ ಗೋಡೆಗೆದುರಾಗಿ ಗಾಡಿ ನಿಲ್ಲಿಸಿ, ಎರಡು ದೀಪಗಳ ಬೆಳಕು ಒಂದೇ ಎತ್ತರಕ್ಕೆ ಬೀಳುತ್ತದೆಯೇ ಎಂದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದರು. ಬೈಗುಳ ಉಚಿತ, ಸೇವೆಯೂ ಉಚಿತ.

ಆದ್ದರಿಂದಲೇ, ತಮ್ಮದೇ ಕಾರಿನ ಹೆಡ್‌ಲೈಟು ಮಬ್ಬಾಗಿದೆ ಎಂದು ಅವರು ಹೇಳಿದಾಗ ನಾವು ನಂಬಿದೆವು. ಗಾಜು ಹಳದಿಗಟ್ಟಿದ್ದೂ ನಿಜವೇ. ಟೂತ್‌ಪೇಸ್ಟು ಹಚ್ಚಿ ಬಟ್ಟೆಯಿಂದ ತಿಕ್ಕಿದರು. ಬಲ್ಬು ಬದಲಾಯಿಸಿದರು. ಮತ್ತೆ ತಿಕ್ಕಿದರು. "ಮನೇಲಿ ಹಲ್ಲುಜ್ಜೋಕೆ ಪೇಸ್ಟಿಲ್ಲ, ನಿಮ್ಮ ಕಾರಿಗೇನು ಹೊಸದಾಗಿ ಹಲ್ಲು ಬಂದಿದ್ಯಾ?" ಎಂದು ಅತ್ತೆ ಕೇಳಿದರೆ ನಾವೆಲ್ಲ ನಕ್ಕೆವು. ಗಾಜು ಕನ್ನಡಿಯಂತಾಯಿತು. ಆದರೂ ಸಂಜೆ ಕಾರು ಹತ್ತಿದರೆ ಮಾವ, "ಎಡಗಡೆ ಬೆಳಕೇ ಬೀಳ್ತಿಲ್ಲ ಕಣೋ, ವೈರಿಂಗಲ್ಲೇ ಏನೋ ಇದೆ" ಎನ್ನುತ್ತಿದ್ದರು.

ಅದೇ ಕಾಲಕ್ಕೆ ಕಾರಿನ ಎಡಬಾಗಿಲ ಮೇಲೆ ಗೀರುಗಳು ಮೂಡತೊಡಗಿದವು. ಒಂದರ ಮೇಲೊಂದು, ಎಲ್ಲವೂ ಒಂದೇ ಎತ್ತರದಲ್ಲಿ. ಬೇರೆಯವರ ಗಾಡಿಯಲ್ಲಾಗಿದ್ದರೆ ಬೆರಳಿಟ್ಟ ಗಳಿಗೆಗೇ ತೀರ್ಪು ಕೊಡುತ್ತಿದ್ದ ಮನುಷ್ಯ, ಇಲ್ಲಿ ಬಗ್ಗಿಯೂ ನೋಡದೆ, "ನಿಲ್ಸಿದ್ದಾಗ ಯಾರೋ ಉಜ್ಕೊಂಡು ಹೋಗಿದ್ದಾರೆ. ಜನಕ್ಕೆ ಕಣ್ಣೇ ಇಲ್ಲ" ಎಂದುಬಿಟ್ಟರು.

ಆ ಎಡಬಾಗಿಲ ಒಳಗೆ ಕೂರುತ್ತಿದ್ದವರು ಅತ್ತೆ. ಸ್ಟಿಯರಿಂಗ್ ಹಿಡಿದವರಲ್ಲ, ಕಾರಿನ ಬಗ್ಗೆ ಮಾತಾಡಿದವರಲ್ಲ. ಒಮ್ಮೆ ಮಾತ್ರ, ಸೈಕಲ್ಲೊಂದು ತೀರ ಹತ್ತಿರ ಬಂದಾಗ, "ರೀ, ಎಡಗಡೆ ನೋಡ್ರೀ" ಎಂದು ಕೂಗಿದರಂತೆ. ಮಾವ ಅಲ್ಲೇ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಕೀಲಿ ಕಿತ್ತು ಅವರ ಮಡಿಲಿಗೆ ಹಾಕಿ, "ಹಾಗಾದ್ರೆ ನೀನೇ ಓಡ್ಸು" ಎಂದರಂತೆ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಅಂದಿನಿಂದ ಅತ್ತೆಗೆ ಕೆಮ್ಮು ಶುರುವಾಯಿತು.

ಅದು ಕೆಮ್ಮಲ್ಲವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವರ ಬಾಯಿಂದಲೇ. ಎಡಕ್ಕೆ ಸೈಕಲ್ಲು ಬಂದರೆ ಒಂದು ಕೆಮ್ಮು, ಗೇಟಿನ ಕಂಬ ಹತ್ತಿರವಾದರೆ ಎರಡು. ಕೆಮ್ಮು ಕೇಳಿದೊಡನೆ ಮಾವ ಅವರತ್ತ ತಿರುಗುತ್ತಿದ್ದರು. ತಿರುಗಿದಾಗ ಸೈಕಲ್ಲೂ ಕಣ್ಣಿಗೆ ಬೀಳುತ್ತಿತ್ತು, ಮಾನವೂ ಉಳಿಯುತ್ತಿತ್ತು. ಹೀಗೆ ಆ ಹೆಂಗಸು ಗಂಟಲು ಹರಿದುಕೊಂಡು ಗಂಡನ ಎಡಗಣ್ಣಾಗಿ ಕೂತಿದ್ದರು.

ಮಾವನಿಗೆ ಹೆಂಡತಿಯ ಮೇಲೆ ಅಕ್ಕರೆ ಇಲ್ಲದಿರಲಿಲ್ಲ. ಡಾಕ್ಟರ ಬಳಿ ಕರೆದೊಯ್ದರು. ಎದೆ ಶುದ್ಧವಾಗಿದೆ, ಏನೂ ಇಲ್ಲ ಎಂದರು ಡಾಕ್ಟರು. "ಯಾವಾಗ ಬರುತ್ತೆ ಕೆಮ್ಮು?" ಎಂದು ಕೇಳಿದರೆ, ಅತ್ತೆ ಬಾಯಿ ತೆರೆಯುವ ಮೊದಲೇ ಮಾವ, "ಕಾರಲ್ಲಿ ಕೂತಾಗ ಮಾತ್ರ" ಎಂದರು. ಅಷ್ಟು ಹೇಳಿದ್ದೇ ತಡ, ಅವರ ಮುಖ ಬೆಳಗಿತು. ಬ್ಯಾಟರಿ! ಹಳೆಯ ಬ್ಯಾಟರಿಯ ಆಸಿಡ್ ವಾಸನೆ ಒಳಗೆ ಬರುತ್ತಿದೆ. ಅದಕ್ಕೇ ಕೆಮ್ಮು, ಅದಕ್ಕೇ ದೀಪವೂ ಮಂಕು! ಒಂದೇ ಕಲ್ಲಿಗೆ ಎರಡು ಹಕ್ಕಿ. ಮರುದಿನವೇ ಹೊಸ ಬ್ಯಾಟರಿ ಬಂತು. ಅದನ್ನು ಕೂರಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ, ಕೋಟಿನ ತೋಳಿನಲ್ಲಿ ಬೆವರೊರೆಸಿಕೊಂಡು, "ಇನ್ನು ನಿನಗೆ ಕೆಮ್ಮು ಬರಲ್ಲ ನೋಡು" ಎಂದರಂತೆ. ಆ ಸಂತೋಷಕ್ಕೆ ತಣ್ಣೀರೆರಚಲಾರದೆ ಅತ್ತೆ ಸ್ವಲ್ಪ ದಿನ ಕೆಮ್ಮದೆಯೇ ಕೂತರು. ಗೀರುಗಳು ಹೆಚ್ಚಾದವು.

ಆಮೇಲೆ ಅತ್ತೆ ತಮ್ಮ ತಂಗಿಯ ಮನೆಗೆ ಹೋದರು. ಅವರನ್ನು ಕರೆತರಲೆಂದು ಮಾವ ಮುಸ್ಸಂಜೆ ಒಬ್ಬರೇ ಕಾರು ತೆಗೆದರು. ಕೆಮ್ಮುವವರಿರಲಿಲ್ಲ. ರಸ್ತೆಯ ಎಡಬದಿಯಲ್ಲಿ ಛತ್ರಿ ರಿಪೇರಿಯವನು ದಿನದ ಕೆಲಸ ಮುಗಿಸಿ, ಮರದ ಪೆಟ್ಟಿಗೆಗೆ ಕಡ್ಡಿಗಳನ್ನು ತುಂಬುತ್ತ ಕೂತಿದ್ದ. ಪೆಟ್ಟಿಗೆ ಪುಡಿಯಾಯಿತು, ಅವನ ಮೊಣಕಾಲು ಮುರಿಯಿತು. ಅವನನ್ನು ಅದೇ ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದವರೂ ಮಾವನೇ, ನನಗೆ ಫೋನು ಮಾಡಿದವರೂ ಅವರೇ.

ನಾನು ಹೋದಾಗ ಅವರು ಆಸ್ಪತ್ರೆಯ ಅಂಗಳದಲ್ಲಿ, ತಮ್ಮ ಕಾರಿನೆದುರು ಕುಕ್ಕರುಗಾಲಲ್ಲಿ ಕೂತಿದ್ದರು. ಒಡೆದ ಎಡ ಹೆಡ್‌ಲೈಟಿನ ಕೆಳಗಿನ ಗುಳಿಯ ಮೇಲೆ ಬೆರಳು ಎಳೆಯುತ್ತಿದ್ದರು. ನನ್ನತ್ತ ತಿರುಗದೆಯೇ, ಆಫೀಸಿನ ದನಿಯಲ್ಲಿ ಹೇಳಿದರು: "ಬ್ರೇಕ್ ಹಾಕಿದ್ದಿದ್ರೆ ಗಾಡಿ ಮೂತಿ ತಗ್ಗಿ, ಪೆಟ್ಟು ಇನ್ನೂ ಮೇಲೆ ಬೀಳ್ತಿತ್ತು. ಹಾಕಿಲ್ಲ. ಈ ಡ್ರೈವರ್ ಅವನನ್ನ ನೋಡೇ ಇಲ್ಲ."

ಬೆರಳು ಅಲ್ಲಿಂದ ಮೆಲ್ಲಗೆ ಬಾಗಿಲಿಗೆ ಸರಿಯಿತು, ಒಂದರ ಮೇಲೊಂದು ಕೂತ ಗೀರುಗಳ ಉದ್ದಕ್ಕೂ ಹರಿಯಿತು. "ಇದು ನಮ್ಮ ಗೇಟಿನ ಕಂಬ," ಎಂದರು. "ಇದೂ ಅದೇ. ಇದೂ." ಕೊನೆಯ ಗೀರಿನ ಬಳಿ ಬೆರಳು ನಿಂತಿತು. "ಅವಳಿಗೆ ಕೆಮ್ಮೇ ಇರ್ಲಿಲ್ಲ, ಅಲ್ವೇನೋ?" ಎಂದು ಕೇಳಿದರು. ನನಗಾಗ ಏನೂ ಗೊತ್ತಿರಲಿಲ್ಲ.

ಕಣ್ಣಿನ ಡಾಕ್ಟರು ಮಾತು ಬೆಳೆಸಲಿಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸೊರಗಿದೆ. ಹೋದ ನೋಟ ಹೋಯಿತು, ಉಳಿದದ್ದನ್ನು ಹನಿ ಹಾಕಿ ಕಾಯಬೇಕು. "ಆರು ತಿಂಗಳು ಮೊದಲೇ ಬಂದಿದ್ರೆ..." ಎಂದು ಶುರುಮಾಡಿ, ಅತ್ತೆಯ ಮುಖ ನೋಡಿ ಹನಿಯ ಚೀಟಿ ಬರೆಯತೊಡಗಿದರು. ತಪ್ಪು ತಮ್ಮದೆಂದು ಮಾವ ಪೊಲೀಸರ ಮುಂದೆ ಹೇಳಿದರು, ಛತ್ರಿಯವನ ಮುಂದೆಯೂ ಹೇಳಿದರು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ. "ಹೇಳಿದ್ರೆ ನನ್ನ ಕಾಲು ಮಡಚೋಕಾಗುತ್ತಾ ಯಜಮಾನ್ರೇ?" ಎಂದನಷ್ಟೆ.

ಈಗ ಕಾರು ಶೆಡ್ಡಿನಲ್ಲಿದೆ. ಹೊಸ ಬ್ಯಾಟರಿಯೂ ಸತ್ತುಹೋಯಿತು. ಚಾರ್ಜ್ ಮಾಡಿಸಲೇ ಎಂದರೆ, "ಮಲಗಿರ್ಲಿ ಬಿಡು" ಎನ್ನುತ್ತಾರೆ. ಬೆಳಿಗ್ಗೆ ಗಂಡಹೆಂಡಿರು ಬೀದಿಯ ಕೊನೆಯವರೆಗೆ ನಡೆಯುತ್ತಾರೆ. ಎಡಬದಿಗೆ ಅತ್ತೆ. ಗುಂಡಿ ಬಂದರೆ ಅವರು ಕೆಮ್ಮುತ್ತಾರೆ, ಈಗಲೂ. ಎಲ್ಲ ತಿಳಿದ ಮಾವ ತಕ್ಷಣ ನಿಂತು, "ನೀರು ಬೇಕೇನೇ?" ಎಂದು ಕೇಳುತ್ತಾರೆ. ಬೇಡ ಎನ್ನುತ್ತಾರೆ ಅವರು. ಗುಂಡಿ ದಾಟುತ್ತಾರೆ.

ಪರರ ತಪ್ಪನ್ನು ಅಳೆಯುವುದರಲ್ಲೇ ಆಯುಷ್ಯ ಸವೆಸಿದವರ ಕುಲವೊಂದಿದೆ. ಅವರು ಕೆಟ್ಟವರಲ್ಲ, ಎಷ್ಟೋ ಸಲ ನಮಗಿಂತ ಪ್ರಾಮಾಣಿಕರು. ಆದರೆ ತಮ್ಮ ಬಾಗಿಲ ಮೇಲಿನ ಗೀರನ್ನು ಓದುವ ವಿದ್ಯೆ ಅವರಿಗೆ ಯಾವಾಗಲೂ ತಡವಾಗಿ ಒದಗುತ್ತದೆ. ಅಂಥವರಿಗೆ ಸತ್ಯವನ್ನು ನೇರವಾಗಿ ಹೇಳುವ ಧೈರ್ಯ ಅವರನ್ನು ಪ್ರೀತಿಸುವವರಿಗೆ ಇರುವುದಿಲ್ಲ, ಪ್ರೀತಿಸದವರಿಗೆ ಆ ಉಸಾಬರಿ ಬೇಕಿರುವುದಿಲ್ಲ. ನಡುವೆ, ರಸ್ತೆಬದಿಯಲ್ಲಿ ತನ್ನ ಪಾಡಿಗೆ ಕೂತ ಯಾರದೋ ಮೊಣಕಾಲು ಮುರಿಯುತ್ತದೆ.