ಉತ್ತರ ಹೇಳಬಾರದ ಪಾಠ

ಇಪ್ಪತ್ತೆರಡು ವರ್ಷ ನಾಲ್ಕನೇ ತರಗತಿಗೆ ಪಾಠ ಮಾಡಿದ ಟೀಚರಮ್ಮನಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ತರಬೇತಿಗೆ ಕಳಿಸಿದ್ದರು. ವಿಜ್ಞಾನದಲ್ಲಿ ಇನ್ನು ಮೇಲೆ ಉತ್ತರ ಹೇಳುವ ಹಾಗಿಲ್ಲವಂತೆ. ಮಕ್ಕಳೇ ಮಾಡಿ, ಟ್ಯಾಬ್‌ನಲ್ಲಿ ನೋಡಿ, ತಾವೇ ಕಂಡುಕೊಳ್ಳಬೇಕಂತೆ. ಹಾಗಾದರೆ ನನಗೆ ಸಂಬಳ ಯಾಕೆ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ಕೇಳೋಣವೆಂದರೆ ತರಬೇತಿಯ ಮೇಡಂ ಯಾವ ಪ್ರಶ್ನೆಗೂ "ನಿಮಗೇನನ್ನಿಸುತ್ತೆ?" ಎಂದೇ ತಿರುಗಿಸಿ ಕೇಳುತ್ತಿದ್ದರು. ಎರಡೇ ದಿನದಲ್ಲಿ ಆ ಚಾಳಿ ಮನೆಗೂ ಬಂತು. ಟೀ ಆಯ್ತಾ ಎಂದು ಕೇಳಿದ ಗಂಡ, ಬಂದ ಉತ್ತರಕ್ಕೆ ಹೆದರಿ ತಾನೇ ಒಲೆ ಹಚ್ಚಿದ.

ನಗುವ ವಿಷಯವೇನೂ ಆಗಿರಲಿಲ್ಲ. ತರಬೇತಿಯ ಕೊನೆಗೆ ಮಾಡಿ ತೋರಿಸಬೇಕಾದ ಮಾದರಿ ಪಾಠದಲ್ಲಿ ಪಾಸಾಗದಿದ್ದರೆ ಮುಂದಿನ ವರ್ಷ ತರಗತಿ ಬೇರೆಯವರಿಗೆ, ಇವಳಿಗೆ ಆಫೀಸಿನ ಕಡತಗಳು ಎಂದು ಹೆಡ್ ಮಾಸ್ಟರು ಮೊದಲೇ ಹೇಳಿಬಿಟ್ಟಿದ್ದರು. ಮಕ್ಕಳಿಲ್ಲದ ಕೋಣೆಯಲ್ಲಿ ಕೂರುವುದೆಂದರೆ ಅವಳಿಗೆ ಜೀವ ಹೋದಂತೆ.

ಪಾಠ ಸುಲಭದ್ದೇ. ಎರಡು ಗಾಜಿನ ಲೋಟಗಳಲ್ಲಿ ಒಂದೇ ಅಳತೆಯ ಐಸು. ಒಂದಕ್ಕೆ ಹಳೇ ಸ್ವೆಟರಿನ ತುಂಡು ಸುತ್ತಿ, ದಾರ ಕಟ್ಟಿ, ಮೇಲೂ ಮುಚ್ಚಬೇಕು. ಎರಡರೊಳಕ್ಕೂ ಶಾಖ ಅಳೆಯುವ ವೈರು. ಟ್ಯಾಬ್‌ನಲ್ಲಿ ಒಂದು ಕೆಂಪು ಗೆರೆ, ಒಂದು ಹಸಿರು ಗೆರೆ. ಯಾವ ಐಸು ಮೊದಲು ಕರಗುತ್ತೆ? ಇದನ್ನೇನು ಕೇಳುವುದು, ಸ್ವೆಟರಿನದೇ ಎಂದು ಟೀಚರಮ್ಮ ಮನಸ್ಸಿನಲ್ಲೇ ನಕ್ಕಳು. ಉಣ್ಣೆ ಬಿಸಿ ಕೊಡುತ್ತದೆ ಎಂದು ಎಷ್ಟು ಮಕ್ಕಳಿಗೆ ಬರೆಸಿಲ್ಲ!

ತರಬೇತಿ ಕೇಂದ್ರದ ಪಕ್ಕದ ಶಾಲೆಯ ಇಪ್ಪತ್ತು ಮಕ್ಕಳು ಟ್ಯಾಬ್ ಸುತ್ತ ಕುತ್ತಿಗೆ ಚಾಚಿದರು. ಮೇಡಂ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ಸ್ವಲ್ಪ ಹೊತ್ತಾದ ಮೇಲೆ ಏರತೊಡಗಿದ್ದು ಬರಿಯ ಲೋಟದ ಕೆಂಪು ಗೆರೆ. ಸ್ವೆಟರಿನ ಹಸಿರು ಗೆರೆ ಮಾತ್ರ ಮಲಗಿದಲ್ಲಿಂದ ಏಳಲೊಲ್ಲದು. ವೈರು ಅದಲುಬದಲಾಗಿರಬೇಕು! ಟೀಚರಮ್ಮ ಸರಕ್ಕನೆ ಎರಡನ್ನೂ ಕಿತ್ತು ಆಚೀಚೆ ಹಾಕಿದಳು. ಈಗ ಹಸಿರು ಏರಿತು, ಕೆಂಪು ಇಳಿಯಿತು.

"ಗೆರೆ ಬದಲಾಯ್ತು ಮಿಸ್, ಐಸ್ ಬದಲಾಗ್ಲಿಲ್ಲ," ಎಂದಳು ಮೂಗುಬೊಟ್ಟಿನಷ್ಟಿದ್ದ ಒಬ್ಬ ಹುಡುಗಿ. "ಬಿಚ್ಚಿ ನೋಡ್ಲಾ?"

ಬಿಚ್ಚಿದರೆ ಸ್ವೆಟರಿನೊಳಗೆ ಐಸು ಗಟ್ಟಿಯಾಗಿ ಕೂತಿತ್ತು. ಬರಿಯ ಲೋಟದಲ್ಲಿ ಮುಕ್ಕಾಲು ನೀರು.

"ಯಾಕೆ ಮಿಸ್?"

"ನಂಗೊತ್ತಿಲ್ಲ," ಎಂದಳು ಟೀಚರಮ್ಮ. ಸತ್ಯವನ್ನೇ ಹೇಳಿದ್ದಳು, ಪಾಪ.

ಮಕ್ಕಳು ಅರ್ಧ ಗಂಟೆ ಕಚ್ಚಾಡಿದರು. ಕೊನೆಗೆ ಆ ಚೋಟುದ್ದದ ಹುಡುಗಿಯೇ, "ಸ್ವೆಟರ್ ಬಿಸಿ ಕೊಡಲ್ಲ, ಬಿಸೀನ ತಡೆಯುತ್ತೆ. ನಾವು ಹಾಕ್ಕೊಂಡ್ರೆ ನಮ್ ಬಿಸಿ ಆಚೆ ಹೋಗಲ್ಲ. ಐಸ್‌ಗೆ ಹಾಕಿದ್ರೆ ಆಚೆ ಬಿಸಿ ಒಳಗ್ ಬರಲ್ಲ," ಎಂದಳು. ಟೀಚರಮ್ಮ ಗೋಡೆಗೆ ಒರಗಿ ನಿಂತಳು.

ಮಕ್ಕಳು ಹೋದ ಮೇಲೆ ಮೇಡಂ ಹಾಳೆ ಮುಂದಿಟ್ಟರು. ಪೂರ್ತಿ ಅಂಕ! "ಏನ್ ನಟನೆ ನಿಮ್ದು! ವೈರ್ ಬದಲಾಯಿಸಿ ಮಕ್ಕಳಿಗೆ ಅನುಮಾನ ಹುಟ್ಟಿಸಿದ್ರಲ್ಲ, ಅದಂತೂ ನಂಗೂ ಹೊಳೆದಿರ್ಲಿಲ್ಲ. ಸೈನ್ ಮಾಡಿ."

ಟೀಚರಮ್ಮ ಪೆನ್ನು ತೆಗೆದುಕೊಂಡಳು. ಸುಮ್ಮನೆ ಸಹಿ ಹಾಕಿದರೆ ಮುಗಿಯಿತು. ಆದರೆ ತನ್ನ ಪೆದ್ದುತನಕ್ಕೆ ಪೂರ್ತಿ ಅಂಕ ತಗೊಳ್ಳುವುದು ಹೇಗೆ?

"ನಟನೆ ಅಲ್ಲ ಮೇಡಂ. ನಿಜವಾಗ್ಲೂ ಗೊತ್ತಿರ್ಲಿಲ್ಲ. ಇಷ್ಟು ವರ್ಷ ತಪ್ಪೇ ಬರೆಸಿದೀನಿ." ಕಣ್ಣು ತುಂಬಿ ಬಂತು.

ಮೇಡಂ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂಕದ ಮೇಲೆ ಗೀಟು ಹಾಕಿದರು. "ಗೊತ್ತಿಲ್ದೆ ಸುಮ್ನಿರೋದನ್ನ ಯಾರ್ ಬೇಕಾದ್ರೂ ಮಾಡ್ತಾರೆ. ನಾಳೆ ಬೇರೆ ಮಕ್ಕಳು ಬರ್ತಾರೆ, ಇದೇ ಪಾಠ ಮಾಡಿ. ಈಗ ಗೊತ್ತಾಗಿದೆಯಲ್ಲ, ಸುಮ್ನಿರ್ತೀರಾ ನೋಡೋಣ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೊತ್ತಿಲ್ಲದಿದ್ದರೆ ಪಾಸು, ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡರೆ ಫೇಲು. ಇದು ಯಾವ ನ್ಯಾಯವೋ!

ಮರುದಿನ ಉತ್ತರ ನಾಲಿಗೆ ತುದಿಯಲ್ಲೇ ಕುಣಿಯುತ್ತಿತ್ತು. ಮಕ್ಕಳು ತಪ್ಪು ಹೇಳಿದಾಗಲೆಲ್ಲ ಟೀಚರಮ್ಮ ತುಟಿ ಕಚ್ಚಿಕೊಂಡಳು, ಕಿಟಕಿಯ ಕಡೆ ನೋಡಿದಳು, ಎರಡು ಸಲ ಸುಮ್ಮಸುಮ್ಮನೆ ಕೆಮ್ಮಿದಳು. ಹೇಳಲಿಲ್ಲ. ಮಕ್ಕಳೇ ಒದ್ದಾಡಿ ದಡ ಸೇರಿದರು. ಮೇಡಂ ಪಾಸು ಎಂದು ಬರೆದದ್ದು ದೂರದಿಂದಲೇ ಕಂಡಿತು.

ಕನ್ನಡಕದ ಹುಡುಗನೊಬ್ಬ ಮಾತ್ರ ಸಿಟ್ಟಾಗಿ ಹತ್ತಿರ ಬಂದ. "ನಿಮ್ಗೆ ಮೊದ್ಲೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ನಿನ್ನೆವರೆಗೂ ಗೊತ್ತಿರ್ಲಿಲ್ಲ ಮರಿ."

ಅವನು ನಂಬಲಿಲ್ಲ. "ಮತ್ತೆ ನಿಮ್ಗೆ ಯಾರು ಹೇಳ್ಕೊಟ್ರು?"

ಟೀಚರಮ್ಮ ತನ್ನ ಸೊಂಟದ ಹತ್ತಿರ ಅಂಗೈ ಚಾಚಿ ಎತ್ತರ ತೋರಿಸಿದಳು. "ಇಷ್ಟುದ್ದ ಇದ್ಲು. ಹೆಸರು ಕೇಳೋದೇ ಮರ್ತೆ," ಎಂದಳು.