ಜೇನು ಮುಟ್ಟದ ಹೂವು

ಪ್ರತಿಮಾಗೆ ಸ್ವಂತದ್ದೆನ್ನಲು ಒಂದು ಗುಂಟೆ ಹೊಲವಿರಲಿಲ್ಲ, ಸಂಶೋಧನೆಗೆಂದು ಕಾಲೇಜೂ ಕೊಟ್ಟಿರಲಿಲ್ಲ, ಈಗ ಅಂಗೈಯಲ್ಲಿ ಉರುಳುತ್ತಿರುವ ಈ ಕರಿ ಹುಚ್ಚೆಳ್ಳು ಕಾಳು ಕುದೂರಿನ ದೊಡ್ಡಲಕ್ಷ್ಮಮ್ಮನವರ ರಾಗಿ ಹೊಲದ್ದು — ನಲವತ್ತರಲ್ಲಿ ಹನ್ನೊಂದನೇ ಚೀಲ ಕೊಡವಿದಳು, ಕಾಳಿದೆ, ಸದ್ಯ — ರಾಗಿ ನಡುವೆ ಅಕ್ಕಡಿ ಸಾಲಿಗೆ ಹುಚ್ಚೆಳ್ಳು ನಮ್ಮತ್ತೆ ಕಾಲದಿಂದ್ಲೂ ಹಾಕ್ತೀವಿ, ಈ ಸಲ ನಿನ್ ಬೀಜನೇ ಹಾಕ್ಕೊ ಮಗ, ಎಂದಿದ್ದರು ಜುಲೈಯಲ್ಲಿ, ಕಾಗದ ಪತ್ರ ಏನೂ ಕೇಳದೆ. ಎಲೆಗೆ ಮಿಷನ್ನಿನ ಕ್ಲಿಪ್ಪು ಸಿಕ್ಕಿಸಿ ಇವಳು ಕೂತಾಗ ಅವರು ಕೇಳಿದ್ದು ಇಷ್ಟೇ, ಏನವ್ವ, ಗಿಡಕ್ಕೆ ಬೀಪಿ ನೋಡ್ತಿದ್ದೀಯಾ. ಬೀಪಿ ಅಲ್ಲಜ್ಜಿ, ಒಂದೇ ಬಿಸಿಲಲ್ಲಿ ನಿಂತಿದ್ರೂ ಒಂದೊಂದು ಗಿಡದ ಎಲೆ ಜಾಸ್ತಿ ಆಹಾರ ಮಾಡ್ತದೆ, ಈ ಮಿಷನ್ನು ಅದನ್ನ ಅಳೀತದೆ, ಅಂಥವನ್ನ ಆರಿಸಿ ಜೋಡಿ ಮಾಡಿದ್ರೆ ಮುಂದಿನ ತಲೆಮಾರಲ್ಲಿ ಕಾಳು ಹೆಚ್ಚು, ಎಣ್ಣೆ ಹೆಚ್ಚು. ಓ, ಸಂಬಂಧ ಕೂಡಿಸೋಕ್ ಬಂದಿದ್ದೀಯ ಅನ್ನು. — ಇಪ್ಪತ್ತನೆಯದು, ಇದೆ, ಇಪ್ಪತ್ತೊಂದು, ಬಿಳಿ ಚೀಲ ಕೊಡವಿದರೆ ಏನೂ ಇಲ್ಲ — ಮೂರು ವರ್ಷ ಕುಂಡಗಳಲ್ಲಿ ಬೆಳೆಸಿ ಆರಿಸಿ ಆರಿಸಿ ಉಳಿದದ್ದು ನಲವತ್ತು ಜೋಡಿ, ಜೇನು ಬೇರೆ ಗಿಡದ ಪರಾಗ ತರದಿರಲೆಂದು ಜೋಡಿಗೊಂದು ಬಟ್ಟೆ ಚೀಲ, ಹುಚ್ಚೆಳ್ಳು ತನ್ನದೇ ಪರಾಗಕ್ಕೆ ಕಾಳು ಕಟ್ಟುವುದಿಲ್ಲ, ದಿನಾ ಬೆಳಿಗ್ಗೆ ಚೀಲ ಬಿಚ್ಚಿ ಈ ಗಿಡದ ಹೂವನ್ನು ಆ ಗಿಡದ ಹೂವಿಗೆ ಉಜ್ಜಿ ಮತ್ತೆ ಕಟ್ಟಬೇಕು, ಉಜ್ಜದಿದ್ದರೆ ಮೂರು ವರ್ಷ ಮಣ್ಣುಪಾಲು, ಎರಡು ಬೆಳಿಗ್ಗೆ ಉಜ್ಜಿದ್ದಳಷ್ಟೇ, ಸರಿಯಾಗಿ ಆಗಲೇ ಡೆಂಗ್ಯೂ, ಹಾಸ್ಟೆಲ್ಲಿನ ಮಂಚ, ಹತ್ತು ದಿನ, ಕಣ್ಣು ಮುಚ್ಚಿದರೆ ಬಿಳಿ ಚೀಲ, ತೆರೆದರೆ ಬಿಳಿ ಚೀಲ.

ಎದ್ದು ಬಂದು ನೋಡಿದರೆ ಅವಳ ದಾರದ ಗಂಟುಗಳೇ ಇಲ್ಲ, ಎಲ್ಲ ಚೀಲಕ್ಕೂ ಬಾಳೆನಾರು. ನೀನ್ ಬರ್ಲಿಲ್ವಲ್ಲ, ನೀ ಮಾಡ್ದಂಗೇ ದಿನಾ ಬಿಚ್ಚಿ ಉಜ್ಜಿ ಕಟ್ಟಿದೀನಿ ಕಣವ್ವ, ಕೈಯೆಲ್ಲ ಅರಿಸಿನ ಆಗೋಯ್ತು. ಯಾರೂ ಹೇಳಿರಲಿಲ್ಲ, ಬರೀ ನೋಡಿ ಕಲಿತದ್ದು, ಮೊಣಕಾಲು ನೋವಿನ ಮುದುಕಿ ಹತ್ತು ಬೆಳಿಗ್ಗೆ ನಲವತ್ತು ಚೀಲ — ಥ್ಯಾಂಕ್ಸ್ ಎನ್ನಲು ಪ್ರತಿಮಾ ಬಾಯಿ ತೆರೆದಳು, ಅಷ್ಟರಲ್ಲಿ ಅಜ್ಜಿಯೇ, ದೀಪಾವಳಿಗೆ ಮಾತ್ರ ಒಸಿ ಹೂವ ಕಿತ್ಕಂಡೆ, ಬಾಗ್ಲಲ್ಲಿ ಸಗಣಿ ಉಂಡೆಗೆ ಸಿಗ್ಸಕ್ಕೆ. ಚೀಲದ್ದಾ ಅಜ್ಜಿ, ಸುತ್ತ ಇಷ್ಟು ಹೂವಿದ್ವಲ್ಲ. ಅವೆಲ್ಲ ಜೇನು ಎಂಜಲು ಮಾಡಿರೋವು ಮಗ, ನಿನ್ ಚೀಲದ್ದು ಮಡಿ ಹೂವ, ದೇವ್ರಿಗೆ ಅವೇ ಸರಿ, ಅದ್ರಲ್ಲೂ ಚೆಂದಾಗಿ ಅರಳಿದ್ ಚೀಲನೇ ನೋಡಿ ಅದ್ರದ್ದಷ್ಟನ್ನೂ ಕಿತ್ತೆ. ನೋಡಿಯೇ ಕಿತ್ತಿದ್ದರು, ಮಿಷನ್ನು ಮೊದಲ ಸ್ಥಾನ ಕೊಟ್ಟ ಗಿಡಗಳು ಅವರ ಕಣ್ಣಿಗೂ ಮೊದಲೇ ಬಿದ್ದಿದ್ದವು, ಸಿಟ್ಟು ಬರಬೇಕಿತ್ತು, ಬರಲಿಲ್ಲ, ಈಗಲೂ ಬರುತ್ತಿಲ್ಲ, ಅವರು ಮುಟ್ಟದಿದ್ದರೆ ಒಂದರಲ್ಲೂ ಹೇಳುವಷ್ಟು ಕಾಳಿರುತ್ತಿರಲಿಲ್ಲ, ಅದು ಲೆಕ್ಕ, ಅಳುವುದಕ್ಕೇನಿದೆ — ಮೂವತ್ತೊಂಬತ್ತು, ಇದೆ, ನಲವತ್ತು, ಕೊಡವಿದಳು, ಒಳಗು ಹೊರಗು ಮಾಡಿ ಮತ್ತೆ ಕೊಡವಿದಳು, ಬಿಳಿ ಬಟ್ಟೆ, ಬರೀ ಬಿಳಿ ಬಟ್ಟೆ. ಉಳಿದದ್ದು ಮೂವತ್ತೊಂದು ಜೋಡಿ. ಹೋದದ್ದು ಒಂಬತ್ತು.