ಬಗ್ಗದ ಗೋಣು

ಅಂಬವ್ವನ ಮನೆಯಲ್ಲಿ ಹಿರಿಯರು ಹೊಸ್ತಿಲು ದಾಟಿದರೆ ಮಕ್ಕಳು ಕಾಲಿಗೆ ಬೀಳಬೇಕು. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟು ಎರಡು ತಲೆಮಾರಾಗಿತ್ತು. ಹೊರಗೆ ತೆಲುಗಾಡಲಿ, ಹಿಂದಿಯಾಡಲಿ, ಒಳಗೆ ಬಂದರೆ ಗೋಣು ಬಗ್ಗಬೇಕು. ಅದು ಮುದುಕಿಯ ಕಾನೂನು.

ಆ ಸಂಜೆ ಕಲಬುರಗಿಯಿಂದ ಅವಳ ಅಣ್ಣ ಕಲ್ಯಾಣಪ್ಪ ಬಂದಾಗ ಮೊಮ್ಮಗಳು ಶರ್ವರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಗಿನಿಂದ ಜ್ವರ, ವಾಂತಿ. ದೀಪ ಹಾಕಿದರೆ ಕಣ್ಣು ಮುಚ್ಚಿ ನರಳುತ್ತಿದ್ದಳು.

"ದವಾಖಾನಿಗೆ ಕರ್ಕೊಂಡು ಹೋಗ್ತೀನ್ರಿ ಅತ್ತಿ," ಎಂದಳು ಸೊಸೆ ಐಶ್ವರ್ಯಾ.

"ಬಂದವರಿಗೆ ಚಾ ಇಲ್ಲ, ನೀರಿಲ್ಲ, ದವಾಖಾನಿ ಅಂತ. ನಾಳಿ ಹೋಗೂಣಂತ," ಎಂದು ಅಂಬವ್ವ ಹುಡುಗಿಯನ್ನು ರಟ್ಟೆ ಹಿಡಿದು ಎಬ್ಬಿಸಿದಳು. "ಅಜ್ಜನ ಕಾಲ ಬೀಳು."

ಶರ್ವರಿ ಮೊಣಕಾಲೂರಿದಳು. ತಲೆ ಮಾತ್ರ ನೆಟ್ಟಗೇ ಇತ್ತು. "ಆಯಿ, ಗೋಣ ಬಗ್ಗವಲ್ದು," ಎಂದಳು ಅಜ್ಜಿಗೆ.

"ಗಿಡ ಆಗಿ ಬಗ್ಗದ್ದು ಮರ ಆಗಿ ಬಗ್ಗತೈತೇನವ್ವ," ಎಂದು ಕಲ್ಯಾಣಪ್ಪ ನಕ್ಕ.

ಅಣ್ಣನ ಮುಂದೆ ಮಾನ ಹೋಯಿತಲ್ಲ ಎಂದು ಅಂಬವ್ವನಿಗೆ ಮೈಯೆಲ್ಲ ಉರಿಯಿತು. "ಆರು ವರ್ಷಕ್ಕ ಎಷ್ಟ ಸೊಕ್ಕ ನೋಡು," ಎನ್ನುತ್ತ ಹುಡುಗಿಯ ಹಿಂದಲೆಗೆ ಕೈ ಹಾಕಿ ಒತ್ತಿದಳು. ಹುಡುಗಿ ಚೀರಿ, ಕೊರಡಿನಂತೆ ಮುಂದಕ್ಕೆ ಉರುಳಿದಳು. ಹಣೆ ಅವನ ಪಾದಕ್ಕೆ ತಾಗಿತು. ಅಂಬವ್ವನಿಗೆ ಅಷ್ಟು ಸಾಕಾಗಿತ್ತು.

ಬೆಳಗಾಗುವುದರೊಳಗೆ ಹುಡುಗಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಳು: "ಬಚ್ಚೀ ಕೀ ಗರ್ದನ್ ಕಬ್ ಸೇ ಅಕಡೀ ಹೈ?"

ಮಗುವಿನ ಗೋಣು ಯಾವಾಗಿನಿಂದ ಸೆಟೆದಿದೆ ಎಂದು ಅವಳು ಕೇಳಿದ್ದು; ಆದರೆ ಅಂಬವ್ವನಿಗೆ ಗೊತ್ತಿದ್ದದ್ದು ಬಜಾರಿನ ಹಿಂದಿ. ಅಲ್ಲಿ ಅಕಡ್ ಎಂದರೆ ಸೊಕ್ಕು. ಡಾಕ್ಟರಮ್ಮನಿಗೂ ಕಂಡಿತಲ್ಲ ಎಂದು ಮುದುಕಿಗೆ ಒಳಗೊಳಗೇ ಸಮಾಧಾನವಾಯಿತು.

"ಕಲ್ ಶಾಮ್ ಸೇ," ನಿನ್ನೆ ಸಂಜೆಯಿಂದ, ಎಂದಳು ಐಶ್ವರ್ಯಾ, ಅತ್ತೆಯ ಕಡೆ ನೋಡದೆ.

ಇದು ಮೆನಿಂಜೈಟಿಸ್, ಮಿದುಳಿನ ಪೊರೆಗೆ ತಗಲುವ ಸೋಂಕು ಎಂದಳು ಡಾಕ್ಟರಮ್ಮ. ಜ್ವರದ ಜೊತೆ ಗೋಣು ಸೆಟೆದುಕೊಂಡರೆ ಅದೇ ಅದರ ಗುರುತು. ನಿನ್ನೆಯೇ ತರಬೇಕಿತ್ತು, ಎಂದಳು. ಅಂಬವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಜೀವ ಉಳಿಯಿತು. ಕಿವಿ ಉಳಿಯಲಿಲ್ಲ.

ಮನೆಗೆ ಕರೆತಂದ ದಿನ ಅಂಬವ್ವ ಮೊಮ್ಮಗಳ ಮುಂದೆ ನಿಂತು ಅತ್ತಳು. "ತಪ್ಪಾತವ್ವ ನಂದು. ನಾ ಪಾಪಿ ಅದೀನಿ," ಎಂದಳು. ಏನೂ ಕೇಳಿಸದ ಶರ್ವರಿ ಆ ತುಟಿಗಳನ್ನೇ ನೋಡಿದಳು. ಆಯಿಯ ತುಟಿ ತನ್ನ ಕಡೆ ಹೀಗೆ ಅಲುಗಿದರೆ ಮಾಡಬೇಕಾದದ್ದೇನೆಂದು ಅವಳಿಗೆ ಗೊತ್ತಿತ್ತು. ಮಂಚದಿಂದ ಅವಸರವಾಗಿ ಇಳಿದು ಮೊಣಕಾಲೂರಿ, ಮುದುಕಿಯ ಪಾದಕ್ಕೆ ಹಣೆ ಹಚ್ಚಿದಳು.

ಈ ಸಲ ಗೋಣು ಚೆನ್ನಾಗಿಯೇ ಬಗ್ಗಿತು.